ಬನಶಂಕರಿಯಲ್ಲಿ ಕಿರುಗುಟ್ಟಿದ ಚಕ್ರ

ಜಯನಗರದಿಂದ ಹೊರಟು ಬನಶಂಕರಿ ದಾಟುವಷ್ಟರಲ್ಲಿ ಬೈಕಿನ ಮುಂದಿನ ಚಕ್ರ ಕಿರುಗುಟ್ಟತೊಡಗಿತು. ಬೇರಿಂಗ್ ಹೋಗಿದ್ದರೆ ಕನಕಪುರದ ಪ್ರಯಾಣ ಇಲ್ಲಿಗೇ ಮುಗಿಯಿತು ಎಂದುಕೊಂಡು ಎಳನೀರಿನ ಗಾಡಿಯ ಪಕ್ಕ ನಿಲ್ಲಿಸಿದೆ. ಅಮ್ಮ ಇಳಿದ ಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿದೆ; ಅವಳು ಹಿಂದಿನ ಸೀಟು ಅದುಮಿ ಹಿಡಿದಳು. ಮುಂದಿನ ಚಕ್ರ ಮೇಲೆದ್ದಿತು. ತಿರುಗಿಸಿದರೆ ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಕಿರ್ ಎನ್ನುತ್ತಿತ್ತು. ಬಗ್ಗಿ ನೋಡಿದೆ. ಬ್ರೇಕಿನ ಡಿಸ್ಕಿಗೆ ಗಂಧ ದಪ್ಪಗೆ ಮೆತ್ತಿಕೊಂಡಿತ್ತು. ಕುಂಕುಮ ಅರ್ಧ ಅಳಿಸಿಹೋಗಿತ್ತು.

"ಹೊರಡೋ ಮುಂಚೆ ನಾನೇ ಇಟ್ಟೆ ಕಣೋ. ಗಾಡೀಲಿ ಅದೊಂದೇ ಪಳಪಳ ಅಂತಿತ್ತು," ಎಂದಳು ಅಮ್ಮ.

"ಅಮ್ಮ, ಅದು ಬ್ರೇಕು."

ಎಳನೀರಿನವನ ಹತ್ತಿರ ನೀರು ಕೇಳಿ ಉಜ್ಜಿ ತೊಳೆದೆ. ಚಕ್ರ ಸದ್ದಿಲ್ಲದೆ ತಿರುಗಿತು. ಬೇರಿಂಗ್ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಅಮ್ಮ ಬ್ಯಾಗಿನಿಂದ ಕುಂಕುಮದ ಡಬ್ಬಿ ತೆಗೆದಿದ್ದಳು.

"ಸರಿ, ಎಲ್ಲಿಡ್ಲಿ, ನೀನೇ ಹೇಳು."

ಹೆಡ್‌ಲೈಟಿನ ನೆತ್ತಿ ತೋರಿಸಿದೆ.