ಕುಶನ್ ಹೊಲಿದ ಬುತ್ತಿ

ಅವನ ಅಂಗಡಿಯ ಮುಂದೆ ಸೋಫಾಗಳು ಹೊಟ್ಟೆ ಬಿಚ್ಚಿಕೊಂಡು ಮಲಗಿರುತ್ತಿದ್ದವು, ಡಾಕ್ಟರು ಅರ್ಧಕ್ಕೇ ಕೈಬಿಟ್ಟು ಊಟಕ್ಕೆ ಹೋದ ಹಾಗೆ. ಕುಸಿದ ಸೋಫಾಕ್ಕೆ ಸ್ಪಂಜು ತುಂಬಿ, ಸ್ಪ್ರಿಂಗ್ ಕಟ್ಟಿ, ಬಟ್ಟೆ ಎಳೆದು ಹೊಲಿಯುವುದು ಅವನ ಕಸುಬು. ಬೀದಿಯವರೆಲ್ಲ ಅವನನ್ನು ಕುಶನ್ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರೂ ಒಂದಿತ್ತಂತೆ. ಅದು ಯಾವುದೋ ಸೋಫಾದ ಒಳಗೆ ಸೇರಿ ಹೊಲಿಗೆ ಬಿದ್ದುಹೋಗಿರಬೇಕು.

ಕೆಲಸದಲ್ಲಿ ಮಾತ್ರ ಗಟ್ಟಿಗ. ಒಮ್ಮೆ ಒಬ್ಬ ದಢೂತಿ ವಕೀಲರು ಅವನು ತುಂಬಿದ ಕುರ್ಚಿಯ ಮೇಲೆ ಧೊಪ್ಪೆಂದು ಕೂತರು. ಕೂತವರು ಹಾಗೇ ಪುಟಿದು, ರಸ್ತೆ ದಾಟಿ, ಎದುರಿನ ಬೇಕರಿಯ ಬಾಗಿಲಲ್ಲಿ ನಿಂತು ಬನ್ನು ಕೇಳಿದರಂತೆ. ಬೇಕರಿಯವನು ಇದನ್ನು ಇವತ್ತಿನವರೆಗೂ ಸುಳ್ಳು ಅಂದಿಲ್ಲ. ಅವನನ್ನು ಯಾರೂ ಕೇಳಿಲ್ಲ, ಅದು ಬೇರೆ ಮಾತು.

ಕುಶನ್‌ನ ಹೆಂಡತಿ ಬಸ್ ಕಂಡಕ್ಟರು. ಬೆಳಗಿನ ಮೊದಲ ಬಸ್ಸಿಗೆ ಸೀಟಿ ಊದುವವಳು ಅವಳೇ. ಆದ್ದರಿಂದ ಎಂಟು ವರ್ಷದ ಮಗಳನ್ನು ಎಬ್ಬಿಸಿ, ಜಡೆ ಹಾಕಿ, ಊಟದ ಡಬ್ಬಿ ಕಟ್ಟಿ ಶಾಲೆಗೆ ಕಳಿಸುವುದು ಗಂಡನ ಪಾಲು. ಜಡೆ ಅಷ್ಟಕ್ಕಷ್ಟೆ. ಆದರೆ ಡಬ್ಬಿ! ಅದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಅವನೇ ತೀರ್ಮಾನ ಮಾಡಿಕೊಂಡಿದ್ದ. ಎರಡು ಬ್ರೆಡ್ಡಿನ ನಡುವೆ ಆಲೂಗೆಡ್ಡೆ, ಮೊಟ್ಟೆ, ಸೌತೆಕಾಯಿ, ಚೀಸು, ಮೂಲೆಮೂಲೆಗೂ ತುರುಕಿ, ಹೆಬ್ಬೆರಳಿನಿಂದ ನಡುವೆ ಒಮ್ಮೆ ಒತ್ತಿ ನೋಡುತ್ತಿದ್ದ. ಒತ್ತಿದ ಜಾಗ ಮೇಲಕ್ಕೆ ಎದ್ದರೆ ಸ್ಯಾಂಡ್‌ವಿಚ್ ಪಾಸು. ಮಗಳು ಸ್ಟೂಲಿನ ಮೇಲೆ ಕೂತು ಕಾಲು ಆಡಿಸುತ್ತ ಹಿಂದಿನ ದಿನದ ಶಾಲೆಯ ಸುದ್ದಿಯನ್ನೆಲ್ಲ ಒದರುವಳು. ಆ ಅರ್ಧ ಗಂಟೆ ಅವನದು. ಉಳಿದ ದಿನವೆಲ್ಲ ಸೋಫಾದವರದು.

ಹೀಗಿರುವಾಗ ನಾದಿನಿ ಬಂದಳು.

ಹೆಂಡತಿಯ ತಂಗಿ, ದೊಡ್ಡ ಆಟಿಕೆ ಅಂಗಡಿಯೊಂದರಲ್ಲಿ ಗಿಫ್ಟ್ ಕಟ್ಟುವ ಕೆಲಸದವಳು. ಅಂಗಡಿಗೆ ಹತ್ತಿರವೆಂದು ಅಕ್ಕನ ಮನೆಯ ಸಣ್ಣ ಕೋಣೆಗೆ ಪೆಟ್ಟಿಗೆ ಸಮೇತ ಬಂದಿಳಿದಳು. ಅವಳ ಬೆರಳುಗಳೋ, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಸುಮ್ಮನೆ ಕೂತರೂ ಬಸ್ ಟಿಕೀಟನ್ನು ಮಡಿಸಿ ದೋಣಿ ಮಾಡುವಳು. ಒಂದು ಸಲ ಮಲಗಿದ್ದ ಬೆಕ್ಕನ್ನು ಬಣ್ಣದ ಕಾಗದದಲ್ಲಿ ಸುತ್ತಿ ರಿಬ್ಬನ್ ಕಟ್ಟಿದಳಂತೆ. ಬೆಕ್ಕಿಗೆ ಗೊತ್ತಾಗಿದ್ದು ಎದ್ದು ಆಕಳಿಸಿದಾಗಲೇ.

ಒಂದು ವಾರ ಎಲ್ಲ ಸರಿಯಾಗಿತ್ತು. ಆಮೇಲೆ ಕುಶನ್ ಮೂರು ಸೀಟಿನ ಸೋಫಾ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡು ಹಾಸಿಗೆ ಹಿಡಿದ. ಬೆಳಗ್ಗೆ ನಾದಿನಿ ಅಡುಗೆಮನೆಗೆ ನುಗ್ಗಿದಳು. ತೆಳ್ಳಗಿನ ರೊಟ್ಟಿಯ ಮೇಲೆ ಹುರಿದ ತರಕಾರಿ ಇಷ್ಟೇ ಇಷ್ಟು ಹರಡಿ, ಕೆಳಗೆ ಮಡಿಸಿ, ಪಕ್ಕ ಮಡಿಸಿ, ಸರ‍್ರನೆ ಸುತ್ತಿ ಕಾಗದ ತೊಡಿಸಿದಳು. ಅದಕ್ಕವಳು ರೋಲ್ ಎಂದಳು.

ಸಂಜೆ ಡಬ್ಬಿ ಖಾಲಿ ಬಂತು. ಖಾಲಿ ಅಂದರೆ ಒಂದು ಚೂರೂ ಇಲ್ಲ. ಕುಶನ್ ಹಾಸಿಗೆಯಲ್ಲೇ ಅದನ್ನು ಬೆಳಕಿಗೆ ಹಿಡಿದು ನೋಡಿದ, ಮೂಸಿದ. ಅವನು ಕಟ್ಟಿದ ದಿನ ಅರ್ಧ ಸ್ಯಾಂಡ್‌ವಿಚ್ ತಪ್ಪದೆ ಮನೆಗೆ ವಾಪಸಾಗುತ್ತಿತ್ತು. ಮಗು ಅಪ್ಪನಿಗೂ ಒಂದಿಷ್ಟು ಉಳಿಸಿ ತರುತ್ತದೆ ಎಂದು ಅವನು ನಾಲ್ಕು ವರ್ಷ ಅದನ್ನು ಕಣ್ಣಿಗೊತ್ತಿಕೊಂಡು ತಿಂದಿದ್ದ.

"ಹೇಗಿತ್ತು ಪುಟ್ಟಿ?" ಎಂದ, ಏನೂ ಆಗದವನ ಹಾಗೆ.

"ಚೆನ್ನಾಗಿತ್ತಪ್ಪ. ನಿಮ್ಮದು ತಿನ್ನೋಕೆ ಎರಡು ಬಾಯಿ ಬೇಕು. ಚಿಕ್ಕಮ್ಮನ ರೋಲಿಗೆ ನನ್ನ ಬಾಯಿ ಸಾಕು."

ಸೊಂಟದ ನೋವು ಅಷ್ಟಕ್ಕೇ ಎದೆಗೆ ಹತ್ತಿತು.

ಅವನು ಎದ್ದು ಓಡಾಡುವಷ್ಟರಲ್ಲಿ ರೋಲು ಮನೆಯಲ್ಲಿ ಬೇರು ಬಿಟ್ಟಿತ್ತು. ಸ್ಟೂಲು ಅದೇ, ಆಡುವ ಕಾಲೂ ಅದೇ, ಆದರೆ ಶಾಲೆಯ ಸುದ್ದಿ ಈಗ ಚಿಕ್ಕಮ್ಮನ ಕಿವಿಗೆ ಬೀಳುತ್ತಿತ್ತು. ಇವನು ಒಂದು ಕೈಯಲ್ಲಿ ಜಡೆ ಹಿಡಿದು ಹಿಂದೆ ನಿಂತಿರುತ್ತಿದ್ದ.

"ಇವತ್ತು ನಾನು ಕಟ್ತೀನಿ" ಎಂದರೆ ನಾದಿನಿ, "ನಿಮಗೆ ಯಾಕೆ ತೊಂದರೆ ಭಾವ, ಸೊಂಟ ನೋಡ್ಕೊಳ್ಳಿ" ಎನ್ನುವಳು. ಅವಳ ವಿನಯವೇ ಅವನಿಗೆ ಮೆಣಸಿನಕಾಯಿ ಅರೆದು ಹಚ್ಚಿದಂತೆ ಆಗುತ್ತಿತ್ತು. ಅಂಗಡಿಯಲ್ಲಿ ಸುತ್ತಿಟ್ಟ ಬಟ್ಟೆಯ ಥಾನು ಕಂಡರೂ ರೋಲು ಕಂಡಂತಾಗಿ ಹಲ್ಲು ಕಡಿಯುತ್ತಿದ್ದ. ಒಂದು ದಿನ ಸಿಟ್ಟಿನಲ್ಲಿ ಒಬ್ಬರ ದಿಂಬಿಗೆ ಎಷ್ಟು ತುಂಬಿದನೆಂದರೆ, ಅವರು ಅದರ ಮೇಲೆ ತಲೆಯಿಟ್ಟು ಮಲಗಿದರೆ ಎದ್ದು ಕೂತಂತೆಯೇ ಆಗುತ್ತಿತ್ತು.

"ನಿಮಗೆ ಹೊಟ್ಟೆಕಿಚ್ಚು ಕಣ್ರೀ" ಎಂದಳು ಹೆಂಡತಿ, ಕೆಲಸದಿಂದ ಬಂದು ಕಾಲು ಚಾಚಿ ಕೂತು.

"ರೊಟ್ಟಿ ಸುತ್ತೋಳ ಮೇಲೆ ನನಗೆಂಥ ಹೊಟ್ಟೆಕಿಚ್ಚು? ಮಗು ಸೊರಗ್ತಿದೆ, ಅದೇ ಚಿಂತೆ."

"ಮಗು ಒಂದೂವರೆ ಕೇಜಿ ಜಾಸ್ತಿ ಆಗಿದೆ. ಸೊರಗಿರೋದು ನೀವು."

ಆಗ ಅವನು ಒಂದು ಹಟ ಹಿಡಿದ. ತಾನೂ ರೋಲು ಮಾಡಬೇಕು, ಅವಳದಕ್ಕಿಂತ ಒಂದು ಕೈ ಮೇಲೆನಿಸಬೇಕು. ಸೋಮವಾರ ನಾದಿನಿ ಏಳುವ ಮೊದಲೇ ಅಡುಗೆಮನೆ ಹಿಡಿದ. ರೊಟ್ಟಿ ಬೆಂದಿತು. ತುಂಬುವ ವಿಷಯಕ್ಕೆ ಬಂದಾಗ ಕೈ ಕೇಳಲಿಲ್ಲ. ಖಾಲಿ ಜಾಗ ಕಂಡರೆ ತುಂಬುವುದು ಇಪ್ಪತ್ತು ವರ್ಷದ ಅಭ್ಯಾಸ. ಆಲೂಗೆಡ್ಡೆ, ಎರಡು ಮೊಟ್ಟೆ, ಕ್ಯಾರೆಟ್ಟು, ಮೇಲೊಂದು ಪದರ ಚೀಸು. ಸುತ್ತಿದ, ಬಿಚ್ಚಿಕೊಂಡಿತು. ಮತ್ತೆ ಸುತ್ತಿದ, ಈ ಕಡೆ ಮುಚ್ಚಿದರೆ ಆ ಕಡೆ ಮೊಟ್ಟೆ ಇಣುಕಿತು. ಅಷ್ಟರಲ್ಲಿ ಸಣ್ಣ ಕೋಣೆಯಲ್ಲಿ ಅಲಾರಾಂ ಬಡಿಯಿತು.

ಸೋಫಾದವನಿಗೆ ಅಂಥ ಹೊತ್ತಿನಲ್ಲಿ ಇನ್ನೇನು ತಾನೇ ಹೊಳೆದೀತು? ಚೀಲದಿಂದ ಬಾಗಿದ ಸೂಜಿ ತೆಗೆದು ಬಿಸಿನೀರಲ್ಲಿ ತೊಳೆದ, ಬಿಳಿ ದಾರ ಪೋಣಿಸಿದ, ರೋಲನ್ನು ಉದ್ದಕ್ಕೂ ಹೊಲಿದುಬಿಟ್ಟ. ಅದೂ ಎಂಥ ಹೊಲಿಗೆ? ಒಳಮುಚ್ಚಿನ ಹೊಲಿಗೆ. ಒಂದು ಟಾಕಾ ಹೊರಗೆ ಕಾಣಬಾರದು, ಕಂಡರೆ ಕಸುಬಿಗೇ ಅವಮಾನ. ಹೆಬ್ಬೆರಳಿನಿಂದ ಒತ್ತಿದ. ಎದ್ದಿತು. ತಾನೇ ಮೀಸೆಯಡಿ ನಕ್ಕ.

ಮಧ್ಯಾಹ್ನ ಅಂಗಡಿಯಲ್ಲಿ ಬಾಯಿ ತುಂಬ ಮೊಳೆ ಕಚ್ಚಿಕೊಂಡು ಕುರ್ಚಿಗೆ ಬಟ್ಟೆ ಬಡಿಯುತ್ತಿದ್ದಾಗ ಶಾಲೆಯ ಟೀಚರ ಫೋನು ಬಂತು.

"ನಿಮ್ಮ ಮಗಳ ಊಟದಲ್ಲಿ ದಾರ ಇದೆ!"

"ಇರಬೇಕಲ್ಲ ಮೇಡಂ" ಎಂದ ಕುಶನ್ ಮೊಳೆಗಳ ಸಂದಿಯಿಂದ, "ಇಲ್ಲದಿದ್ರೆ ಬಿಚ್ಕೊಳ್ಳುತ್ತೆ."

ಟೀಚರು ಬಿಡಿಸಿ ಹೇಳಿದರು. ಮಗು ಕಚ್ಚಿ ಎಳೆದಿದೆ. ದಾರ ಅಲುಗಾಡುವ ಹಲ್ಲೊಂದಕ್ಕೆ ಸಿಕ್ಕಿಕೊಂಡಿದೆ. ಇನ್ನೂ ಜೋರಾಗಿ ಎಳೆದಿದೆ. ಹಲ್ಲು ಬಂದುಬಿಟ್ಟಿದೆ. ಮಗು ಅಳಲಿಲ್ಲ, ಇಡೀ ಕ್ಲಾಸಿಗೆ ಹಲ್ಲು ತೋರಿಸುತ್ತಿದೆ. ಆದರೆ ಪಕ್ಕದ ಇಬ್ಬರು ಮಕ್ಕಳು ತಮ್ಮ ಡಬ್ಬಿ ತೆರೆಯಲು ಹೆದರಿ ಮೇಜಿನ ಕೆಳಗೆ ಕೂತಿದ್ದಾರೆ. "ದಯವಿಟ್ಟು ಊಟಾನ ಊಟದ ಹಾಗೆ ಮಾಡಿ ಕಳಿಸಿ" ಎಂದು ಫೋನಿಟ್ಟರು.

ಆ ಸಂಜೆ ಹೆಂಡತಿ ಕಂಡಕ್ಟರ ಧ್ವನಿಯಲ್ಲೇ ತೀರ್ಪು ಕೊಟ್ಟಳು. "ಮಗು ನುಂಗಿದ್ದಿದ್ರೆ? ಇನ್ಮೇಲೆ ಡಬ್ಬಿ ಮುಟ್ಟಬೇಡಿ. ಅವಳೇ ಕಟ್ತಾಳೆ."

ಮಗು ದಾರ ನುಂಗಿದ್ದರೆ ಎಂಬುದು ಅವನ ಎದೆಯಲ್ಲೂ ಆಗಲೇ ಚುಚ್ಚಿ ಕೂತಿತ್ತು. ಜೊತೆಗೆ ಆ ಅರ್ಧ ಗಂಟೆಯೂ ಕೈಬಿಟ್ಟು ಹೋಯಿತು. ಮೂರು ದಿನ ಜಡೆ ಹಾಕಿ, ಕಿಟಕಿಯ ಬಳಿ ನಿಂತು, ಅಡುಗೆಮನೆಯ ಕಿಲಕಿಲ ಕೇಳಿ ಕೇಳಿ ಒಳಗೊಳಗೇ ಬೆಂದ. ನಾಲ್ಕನೆಯ ದಿನ ತಣ್ಣಗಿನ ಆರು ರೊಟ್ಟಿ, ಒಂದಿಷ್ಟು ಪಲ್ಯ ಡಬ್ಬಿಗೆ ಹಾಕಿಕೊಂಡು ಸೀದಾ ಆಟಿಕೆ ಅಂಗಡಿಗೆ ನಡೆದ.

ಗಿಫ್ಟ್ ಕೌಂಟರಿನ ಮುಂದೆ ಸಾಲಿತ್ತು. ಒಬ್ಬರ ಕೈಯಲ್ಲಿ ರೈಲು, ಒಬ್ಬರ ಕೈಯಲ್ಲಿ ಗೊಂಬೆ, ಇವನ ಕೈಯಲ್ಲಿ ರೊಟ್ಟಿ. ಸರದಿ ಬಂದಾಗ ನಾದಿನಿ ತಲೆಯೆತ್ತಿ ನೋಡಿದಳು.

"ಯಾರಿಗೆ ಭಾವ ಗಿಫ್ಟು?"

"ನಿನ್ನಕ್ಕನ ಮಗಳಿಗೆ. ಸುತ್ತೋದು ಹೇಳಿಕೊಡು."

ಅವಳು ನಗಲಿಲ್ಲ. ರೊಟ್ಟಿ ಬಿಡಿಸಿ ಕೌಂಟರಿನ ಮೇಲೆ ಶುದ್ಧ ಕಾಗದ ಹಾಸಿದಳು. "ಸುತ್ತಲೂ ಎರಡು ಬೆರಳು ಖಾಲಿ ಬಿಡಿ. ಅಯ್ಯೋ, ಎರಡು ಅಂದೆ! ಮೊದಲು ಕೆಳಗೆ, ಆಮೇಲೆ ಪಕ್ಕ. ಸುತ್ತಿದ ಮೇಲೆ ಮಡಿಕೆ ನೆಲಕ್ಕೆ ಬರೋ ಹಾಗೆ ಇಡಿ, ಅದರ ಭಾರಕ್ಕೇ ಅದು ಮುಚ್ಕೊಳ್ಳುತ್ತೆ. ಸೂಜಿ ಯಾಕೆ?"

ನಾಲ್ಕು ರೊಟ್ಟಿ ಹರಿದವು. ಹಿಂದೆ ರೈಲು ಹಿಡಿದಿದ್ದ ಹೆಂಗಸು, "ನಿಧಾನ ಆಗ್ಲಿ ಬಿಡಿ, ಐದನೆಯದು ಬರುತ್ತೆ" ಎಂದು ಹುರಿದುಂಬಿಸಿದಳು. ಐದನೆಯದು ನಿಂತಿತು, ಬಿಚ್ಚಿಕೊಳ್ಳಲಿಲ್ಲ.

"ಇಷ್ಟು ಸುಲಭ ಇದ್ದದ್ದನ್ನ ಮೊದಲೇ ಹೇಳಬಹುದಿತ್ತಲ್ಲ?" ಎಂದ ಕುಶನ್, ಗೆದ್ದ ಖುಷಿಯಲ್ಲೂ ಕೊಂಕು ಬಿಡದೆ.

"ಯಾಕೆ ಹೇಳ್ಲಿ?" ಅವಳ ಮುಖ ಕೆಂಪಾಯಿತು. "ನನಗೆ ಹೊಟ್ಟೆಕಿಚ್ಚು ಇರಲ್ವಾ? ದಿನಕ್ಕೆ ಎಷ್ಟೋ ಪೊಟ್ಟಣ ಕಟ್ತೀನಿ. ಬಿಚ್ಚೋವಾಗ ಮಕ್ಕಳ ಮುಖ ಹೇಗಾಗುತ್ತೆ ಅಂತ ಒಂದು ಸಲಾನೂ ನೋಡಿಲ್ಲ. ನೀವು ನಾಲ್ಕು ವರ್ಷ ದಿನಾ ಬೆಳಗ್ಗೆ ಅವಳ ಬಾಯಿಂದಲೇ ಕೇಳಿದ್ರಿ. ಈಗ ಇವಳೊಬ್ಬಳು ನನ್ನ ಹತ್ರ ಬಂದು, ಹೀಗೆ ಬಿಚ್ಚಿದೆ, ಹೀಗೆ ತಿಂದೆ ಅಂತ ಹೇಳ್ತಾಳೆ. ಅದನ್ನೂ ಕಿತ್ಕೊಳ್ಳೋಕೆ ಡಬ್ಬಿ ಹಿಡ್ಕೊಂಡೇ ಬಂದ್ರಲ್ಲ!"

ತನ್ನ ಮೇಲೂ ಒಬ್ಬರು ಹೊಟ್ಟೆಕಿಚ್ಚು ಪಡಬಹುದು ಎಂಬುದು ಕುಶನ್‌ಗೆ ಹುಟ್ಟಿದಂದಿನಿಂದ ಹೊಳೆದಿರಲಿಲ್ಲ. ಹರಿದ ಸೋಫಾದವನ ಮೇಲೆ ಯಾರು ತಾನೇ ಕರುಬುತ್ತಾರೆ? ಎದೆಗೆ ಹೊಸ ಸ್ಪಂಜು ತುಂಬಿದ ಹಾಗಾಯಿತು. ಮನೆಗೆ ಹೋಗುವಾಗ ಎಷ್ಟು ಉಬ್ಬಿದ್ದನೆಂದರೆ, ಬಸ್ಸಿನಲ್ಲಿ ಅವನಿಗೆ ಎರಡು ಸೀಟು ಬೇಕಾಯಿತು. ಕಂಡಕ್ಟರು ಹೆಂಡತಿಯೇ ಆಗಿದ್ದರಿಂದ ಇದಕ್ಕೆ ಸಾಕ್ಷಿಯೂ ಉಂಟು.

ಅದೇ ಬಸ್ಸಿನಲ್ಲಿ ಒಪ್ಪಂದವೂ ಆಯಿತು. ಹೆಂಡತಿ ಐದನೆಯ ರೋಲನ್ನು ಬಿಚ್ಚಿ, ಒಳಗೆ ದಾರ ಇಲ್ಲವೆಂದು ಎರಡು ಸಲ ನೋಡಿ, ತಿಂದು, ಡಬ್ಬಿಯನ್ನು ಅವನಿಗೆ ವಾಪಸು ಕೊಟ್ಟಳು. ಗುರುವಾರ ಒಂದು ದಿನ ಮಾತ್ರ ನಾದಿನಿಗೆ. ಅದನ್ನು ಅವನೇ ಬಾಯಿಬಿಟ್ಟು ಹೇಳಿದ, ಯಾರೂ ಒತ್ತಾಯ ಮಾಡಲಿಲ್ಲ.

ಹೇಳಿದ್ದೇನೋ ಹೇಳಿದ. ಆದರೆ ಗುರುವಾರ ಬೆಳಗಾದರೆ ಸಾಕು, ಅಡುಗೆಮನೆಯ ನಗು ಕಿವಿಗೆ ಬಿದ್ದು ಅವನ ಕೈ ಹಿಡಿತ ತಪ್ಪುತ್ತಿತ್ತು. ಒಂದು ಗುರುವಾರ ದಿವಾನಕ್ಕೆ ತುಂಬಿದ ಸ್ಪಂಜು ಹೆಚ್ಚಾಗಿ ಅದು ಬಾಗಿಲಲ್ಲಿ ಸಿಕ್ಕಿಕೊಂಡು, ಕೊನೆಗೆ ಬಾಗಿಲನ್ನೇ ಕಿತ್ತು ಹೊರಗೆ ತರಬೇಕಾಯಿತು. ಅಂದೇ ಅವನು ರಟ್ಟಿನ ತುಂಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಗಡಿಗೆ ತೂಗುಹಾಕಿದ: "ಗುರುವಾರ ಹೊಸ ಕೆಲಸ ತೆಗೆದುಕೊಳ್ಳುವುದಿಲ್ಲ."

ಗಿರಾಕಿಗಳು ಅದನ್ನು ವಾರದ ರಜೆ ಎಂದುಕೊಂಡರು. ಅವನೂ ಇಲ್ಲ ಎನ್ನಲಿಲ್ಲ.