ಕಾಲುವೆಗೆ ಬಾಕಿ ಬಿದ್ದ ಶಾಲೆ

ಲಾಸ್ ಚಮೀಸೋಸ್ ಊರಿನ ಶಾಲೆ ಊರ ಕಾಲುವೆಗೆ ಇವತ್ತಿಗೂ ನಲವತ್ತು ಆಳಿನ ದುಡಿಮೆ ಬಾಕಿ ಉಳಿಸಿಕೊಂಡಿದೆ. ಕಾಲುವೆಯ ನೀರು ಪಡೆಯುವ ಪ್ರತಿ ಮನೆಯವರೂ ಮಾರ್ಚ್ ತಿಂಗಳಲ್ಲಿ ಸಲಿಕೆ ಹಿಡಿದು ಬಂದು ತಮ್ಮ ಪಾಲಿನ ಹೂಳೆತ್ತಬೇಕು. ಶಾಲೆಯ ಪಾಲು ವರ್ಷಕ್ಕೆ ಎರಡಾಳು. ಇಪ್ಪತ್ತೆರಡು ವರ್ಷ ಅದು ಒಬ್ಬನನ್ನೂ ಕಳಿಸಲಿಲ್ಲ. ನೀರು ಮಾತ್ರ ಗುರುವಾರ ಗುರುವಾರ ತಪ್ಪದೆ ಕುಡಿಯಿತು.

ಆ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ನಾಲ್ಕನೇ ತರಗತಿಗೆ ಪಾಠ ಹೇಳುತ್ತಿದ್ದ ಎಲೊಯ್ಸಾ ಮೊಂಡ್ರಾಗೋನ್‌ಗೇ ಈ ಸಂಗತಿ ಗೊತ್ತಿರಲಿಲ್ಲ. ಅವಳು ಅದೇ ಊರಿನ ಮಗಳು. ಆದರೆ ಅಪ್ಪ ಹೊಲ ಮಾರಿದ್ದ. ಕಾಲುವೆಗಿಳಿಯುವುದು ಗಂಡಸರ ಕೆಲಸವೆಂದು ಹೆಣ್ಣುಮಕ್ಕಳನ್ನು ಆಗ ಯಾರೂ ಕರೆಯುತ್ತಿರಲಿಲ್ಲ. ಕಾಲುವೆಯನ್ನು ಅವಳು ಕಂಡದ್ದೆಲ್ಲ ಸೇತುವೆಯ ಮೇಲಿಂದ, ಕಾರಿನ ಕಿಟಕಿಯೊಳಗಿಂದ.

ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ನಾಲ್ಕನೇ ತರಗತಿಯೆಂದರೆ ರಾಜ್ಯದ ಚರಿತ್ರೆ ಮತ್ತು ಪೌರನೀತಿಯ ವರ್ಷ. ಪ್ರತಿ ಆಗಸ್ಟಿನಲ್ಲಿ ಮೂವತ್ತಾರು ವಾರಗಳ ಯೋಜನೆ ಬರೆದು ಜಿಲ್ಲಾ ಕಚೇರಿಗೆ ಒಪ್ಪಿಸಬೇಕು. ಎಲೊಯ್ಸಾ ಹಳೆಯ ಹಾಳೆಯನ್ನೇ ತೆಗೆದು ತಾರೀಕು ತಿದ್ದಿ ಕಳಿಸುತ್ತಿದ್ದಳು. ಮೊದಲ ವಾರ ರಾಜ್ಯದ ಹಕ್ಕಿ, ಎರಡನೇ ವಾರ ರಾಜ್ಯದ ಹೂವು, ಆಮೇಲೆ ಬಾವುಟ, ಆಮೇಲೆ ಕುದುರೆ ಹತ್ತಿ ಬಂದ ಸ್ಪೇನಿನ ದಂಡನಾಯಕರು, ಕೊನೆಗೆ ಮೇ ತಿಂಗಳ ಸೆಕೆಯಲ್ಲಿ ಮಕ್ಕಳು ತೂಕಡಿಸುವಾಗ ಸರ್ಕಾರದ ಮೂರು ಅಂಗಗಳು. ಎಲ್ಲ ಕಡೆಯೂ ಚರಿತ್ರೆ ಬರೆಯುವುದು ಹೀಗೆಯೇ. ಕುದುರೆಯ ಮೇಲೆ ಕೂತವನಿಗೆ ಹೆಸರಿರುತ್ತದೆ, ಕುದುರೆಗೆ ಹುಲ್ಲು ಹೊತ್ತವನಿಗೆ ಇರುವುದಿಲ್ಲ.

ಆ ವರ್ಷ ಕಚೇರಿಯವರು ಹಾಳೆಯಲ್ಲಿ ಹೊಸದೊಂದು ಚೌಕ ಸೇರಿಸಿದ್ದರು: ಸ್ಥಳೀಯ ಆಡಳಿತ, ಎರಡು ವಾರ. ಎಲೊಯ್ಸಾ ಪೆನ್ನು ಕಚ್ಚಿಕೊಂಡು ಕೂತಳು. ಲಾಸ್ ಚಮೀಸೋಸ್‌ಗೆ ಮೇಯರ್ ಇಲ್ಲ, ಪೊಲೀಸರಿಲ್ಲ, ಅಂಚೆ ಕಚೇರಿಯೂ ಮುಚ್ಚಿದೆ. ಇಲ್ಲಿ ಯಾರ ಮಾತು ನಡೆಯುತ್ತದೆ? ಯೋಚಿಸಿದರೆ ಹೊಳೆದದ್ದು ಒಬ್ಬನೇ: ವರ್ಷಕ್ಕೊಮ್ಮೆ ಊರವರು ಕೈಯೆತ್ತಿ ಆರಿಸುವ, ಕಾಲುವೆಯ ನೀರು ಹಂಚುವ ನೀರುಗಂಟಿ.

ನೀರುಗಂಟಿ ಪೊರ್ಫಿರಿಯೊ ತಫೋಯಾಗೆ ಎಪ್ಪತ್ತೊಂದು ವರ್ಷ. ಊರಿಗೆಲ್ಲ ಅವನು ತಿಯೋ, ಅಂದರೆ ಚಿಕ್ಕಪ್ಪ. ಎಲೊಯ್ಸಾ ಹೋದಾಗ ಅವನು ತೂಬಿನ ಹಲಗೆ ಎತ್ತುತ್ತಿದ್ದ.

"ತಿಯೋ, ಮಕ್ಕಳಿಗೆ ಒಂದು ಅರ್ಧ ಗಂಟೆ ಮಾತಾಡ್ತೀರಾ? ಕಾಲುವೆ ವಿಷಯ."

"ಮಾತಿಗೇನು ಬರ. ಬರ್ತೀನಿ. ಆದ್ರೆ ನಿಮ್ಮ ಶಾಲೆ ಹೆಸರು ಹೊಡೆದು ಹಾಕ್ತಾರಲ್ಲ, ಅದಾದ್ಮೇಲೆ ಬರ್ಲೋ, ಮುಂಚೆ ಬರ್ಲೋ?"

"ಯಾವ ಹೆಸರು?"

"ನಲವತ್ನಾಲ್ಕು ಆಳು ಬಾಕಿ ಮಗಳೇ. ಪಾಪ, ಮಕ್ಕಳು ಜರದಾಳು ಹಣ್ಣು ತಿನ್ಲಿ ಅಂತ ನಾನು ಸುಮ್ನೆ ನೀರು ಬಿಡ್ತಾ ಬಂದೆ. ಈಗ ಹೊಸಬರು ಕೇಳ್ತಾರೆ, ದುಡೀದೇ ಇರೋರಿಗೆ ಯಾಕೆ ನೀರು ಅಂತ. ತಪ್ಪೇನಿದೆ? ಡಿಸೆಂಬರ್ ಸಭೇಲಿ ಹೊಡೀತಾರೆ."

ಎಲೊಯ್ಸಾಗೆ ಮುಖಕ್ಕೆ ರಪ್ಪನೆ ಹೊಡೆದ ಹಾಗಾಯಿತು. ಆಟದ ಬಯಲಿನ ಅಂಚಿಗೆ ನಿಂತ ಹದಿನೇಳು ಜರದಾಳು ಮರಗಳ ನೆರಳಲ್ಲೇ ಅವಳು ಹತ್ತೊಂಬತ್ತು ವರ್ಷ ಮಕ್ಕಳಿಗೆ ಪ್ರಜೆಯ ಕರ್ತವ್ಯಗಳನ್ನು ಬಾಯಿಪಾಠ ಮಾಡಿಸಿದ್ದಳು. ಕಾಲುವೆಯ ಪಟ್ಟಿಯಿಂದ ಶಾಲೆಯ ಹೆಸರು ಹೋದರೆ ನೀರು ಹೋಗುತ್ತದೆ. ಆ ಬಿಸಿಲಿಗೆ ಮರಗಳು ಎರಡು ಬೇಸಿಗೆ ತಾಳುವುದಿಲ್ಲ.

ಮನೆಗೆ ಬಂದವಳು ಯೋಜನೆಯನ್ನು ಬುಡದಿಂದ ಬರೆದಳು. ಸೆಪ್ಟೆಂಬರಿನಲ್ಲಿ ಕಾಲುವೆಯ ಉದ್ದಕ್ಕೂ ನಡೆದು ನಕ್ಷೆ. ಅಕ್ಟೋಬರಿನಲ್ಲಿ ಅದನ್ನು ತೋಡಿದವರು ಯಾರು, ಅವರಿಗೂ ಮೊದಲು ಈ ನದಿ ಯಾವ ಬುಡಕಟ್ಟಿನವರದು, ಅವರನ್ನು ಕೇಳಿದ್ದರೋ ಇಲ್ಲವೋ. ನವೆಂಬರಿನಲ್ಲಿ ಕಟ್ಟುಪಾಡು, ಡಿಸೆಂಬರಿನಲ್ಲಿ ಸಭೆ, ಮಾರ್ಚಿನಲ್ಲಿ ಹೂಳು, ಏಪ್ರಿಲಿನಲ್ಲಿ ನೀರು. ಗವರ್ನರಿಗೆ ಒಂದು ವಾರ ಕೊಟ್ಟಳು. ಅದೇ ಹೆಚ್ಚಾಯಿತು ಅಂದುಕೊಂಡಳು.

ಕಚೇರಿಯಿಂದ ಹಾಳೆ ಕೆಂಪು ಶಾಯಿಯ ಪ್ರಶ್ನೆ ಹೊತ್ತು ವಾಪಸು ಬಂತು: "ರಾಜ್ಯದ ಹಕ್ಕಿ ಎಲ್ಲಿ?"

ಎಲೊಯ್ಸಾ ಕೆಳಗೆ ಬರೆದಳು: "ಕಾಲುವೆ ದಂಡೆಯ ಮೇಲೆ ಹಲ್ಲಿ ಹಿಡಿಯುತ್ತಿದೆ. ಬಂದು ನೋಡಬಹುದು." ಯಾರೂ ಬರಲಿಲ್ಲ. ಸಹಿ ಬಂತು. ಸಲಿಕೆಯ ಮಾತಿಗೆ ಮಾತ್ರ ಕಚೇರಿ ಒಪ್ಪಲಿಲ್ಲ. ಶಾಲೆಯ ವೇಳೆಯಲ್ಲಿ ಮಕ್ಕಳ ಕೈಗೆ ಹತಾರ ಕೊಡುವಂತಿಲ್ಲ ಎಂದಿತು. ಹೂಳೆತ್ತುವುದು ಹೇಗೂ ಶನಿವಾರ. ಶನಿವಾರದ ಮಕ್ಕಳು ಅಪ್ಪ ಅಮ್ಮಂದಿರ ಮಕ್ಕಳು, ಕಚೇರಿಯ ಮಕ್ಕಳಲ್ಲ.

ಡಿಸೆಂಬರಿನ ಮೊದಲ ಭಾನುವಾರ, ಪೂಜೆ ಮುಗಿದ ಮೇಲೆ, ಇಗರ್ಜಿಯ ಪಕ್ಕದ ಕೋಣೆಯಲ್ಲಿ ಸಭೆ ಕೂಡಿತು. ಎಲೊಯ್ಸಾ ಹದಿನಾಲ್ಕು ಮಕ್ಕಳನ್ನೂ ಕರೆದುಕೊಂಡು ಹೋಗಿ ಮುಂದಿನ ಬೆಂಚಿನಲ್ಲಿ ಕೂರಿಸಿದಳು. ಸಭೆಯ ಅಧ್ಯಕ್ಷ ನೆಸ್ತೋರ್ ಗೆರಿಗೆ ಅದು ಹಿಡಿಸಲಿಲ್ಲ. ಅವನು ಹುಲ್ಲು ಬೆಳೆಯುವವನು, ಲೆಕ್ಕಕ್ಕೆ ಸರಿಯಾಗಿ ದುಡಿಯುವವನು, ದುಡಿಯದವರನ್ನು ಕಂಡರೆ ಉರಿದು ಬೀಳುವವನು.

"ಶಾಲೆ ಬಾಕಿ ವಿಷಯ," ಎಂದ ನೆಸ್ತೋರ್. "ಟೀಚರ್ ಹೇಳ್ತಾರೆ, ಮಕ್ಕಳು ಬಂದು ದುಡೀತಾರಂತೆ."

ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ದುಡೀತಾವೆ, ದುಡೀತಾವೆ! ನನ್ನ ಮಗ ಮನೇಲಿ ತಟ್ಟೆ ತೊಳೆಯೋಲ್ಲ!"

ಸಭೆ ಗೊಳ್ಳೆಂದು ನಕ್ಕಿತು. ಎಲೊಯ್ಸಾ ಎದ್ದಳು. "ಈ ವರ್ಷದ ಎರಡಾಳು, ಹಳೇ ಬಾಕೀಲಿ ನಾಲ್ಕು. ವರ್ಷಕ್ಕೆ ಆರರ ಹಾಗೆ ತೀರಿಸ್ತೀವಿ. ಹೆಸರು ಉಳಿಸಿ."

"ಅದು ಸರಿ, ಎಣಿಸೋದು ಹೆಂಗೆ?" ಎಂದ ನೆಸ್ತೋರ್. "ಮುಂಚೆ ಹುಡುಗರನ್ನ ಅರ್ಧ ಆಳು ಅಂತಿದ್ರು. ಇವು ಇನ್ನೂ ಸಣ್ಣವು. ಕಾಲು ಆಳು ಅನ್ನಣ."

ಆಗ ಎದ್ದವಳು ದೆಲ್ಫಿನಾ. ಅಂಗಡಿಯವಳ ಮೊಮ್ಮಗಳು, ಒಂಬತ್ತೂವರೆ ವರ್ಷ, ಮುಂದಿನ ಒಂದು ಹಲ್ಲಿಲ್ಲ. ಇದನ್ನು ಎಲೊಯ್ಸಾ ಹೇಳಿಕೊಟ್ಟಿರಲಿಲ್ಲ.

"ತಿಯೋ ಪೊರ್ಫಿರಿಯೊ ಹತ್ರ ಅಳತೆ ಕೋಲಿದೆ. ಕೋಲು ಇಟ್ಟು ಒಬ್ಬೊಬ್ಬರಿಗೆ ಜಾಗ ಗೆರೆ ಹಾಕ್ತಾರೆ. ಅಷ್ಟು ಮುಗಿದ್ರೆ ಒಂದಾಳು. ಹೌದು ತಾನೇ? ಹಂಗಾದ್ರೆ ಜಾಗ ಅಳೀರಿ. ನಮ್ಮನ್ಯಾಕೆ ಅಳೀತೀರಾ?"

ನೆಸ್ತೋರ್ ನೀರುಗಂಟಿಯ ಕಡೆ ತಿರುಗಿದ. ಪೊರ್ಫಿರಿಯೊ ಟೋಪಿಯನ್ನು ಮೊಣಕಾಲಿಗೆ ಬಡಿದು, "ಹತ್ತು ಸಲ ಅಧ್ಯಕ್ಷ ಆಗಿದೀಯ, ಈಗ ಉತ್ತರ ಕೊಡಪ್ಪ" ಎಂದ.

ಕೈಯೆತ್ತಿದಾಗ ಹದಿಮೂರು ಹನ್ನೊಂದು. ಶಾಲೆ ಉಳಿಯಿತು, ಆದರೆ ಷರತ್ತಿನ ಮೇಲೆ: ಮಾರ್ಚಿನ ಆ ಶನಿವಾರ ಆರಾಳಿನ ಕೆಲಸ ಸಂಜೆಯೊಳಗೆ ಮುಗಿಯಬೇಕು, ದೊಡ್ಡವರು ಕೈ ಹಾಕಬಾರದು. ಟೀಚರ್ ಮಾತ್ರ ಶಾಲೆಯ ಲೆಕ್ಕಕ್ಕೆ. ಇಲ್ಲವಾದರೆ ಅಂದೇ ಹೆಸರು ಹೋಯಿತು.

ಆ ಶನಿವಾರ ಏಳು ಗಂಟೆಗೆ ಎಲೊಯ್ಸಾ ಮೊದಲ ಬಾರಿಗೆ ಕಾಲುವೆಯ ಒಳಗಿಳಿದಳು. ಇಳಿದವಳು ಅಲ್ಲೇ ನಿಂತುಬಿಟ್ಟಳು. ಮೇಲಿಂದ ನೋಡಿದಾಗ ಮೊಣಕಾಲುದ್ದದ ಚರಂಡಿಯಂತೆ ಕಾಣುತ್ತಿತ್ತು. ಒಳಗೆ ನಿಂತರೆ ಎರಡೂ ಕಡೆಯ ದಂಡೆ ತಲೆಗಿಂತ ಎತ್ತರ. ಊರು ಕಾಣುವುದಿಲ್ಲ, ಇಗರ್ಜಿಯ ಗಂಟೆ ಗೋಪುರವೂ ಕಾಣುವುದಿಲ್ಲ. ಮೇಲೊಂದು ಪಟ್ಟಿ ಆಕಾಶ ಅಷ್ಟೆ.

ಆಮಾದೊ ಎಂಬ ಹುಡುಗ ದಂಡೆಗೆ ಕೈ ಒತ್ತಿ ಕೇಳಿದ: "ತಿಯೋ, ಈ ಗುಡ್ಡ ಯಾರು ಕಟ್ಟಿದ್ದು?"

"ಯಾರೂ ಕಟ್ಟಲಿಲ್ಲ ಕಣೋ. ಕೆಳಗಿನ ಮಣ್ಣು ಮೇಲೆ ಎಸೆದ್ರು. ವರ್ಷಾ ವರ್ಷಾ. ಸಲಿಕೆ ಎಷ್ಟು ಹಿಡೀತದೋ ಅಷ್ಟು."

"ಎಷ್ಟು ವರ್ಷ?"

"ನಮ್ಮಜ್ಜನ ಅಜ್ಜನಿಗೂ ಗೊತ್ತಿರಲಿಲ್ಲ."

ಎಲೊಯ್ಸಾ ದಂಡೆಯನ್ನು ನೋಡಿದಳು. ಕಪ್ಪು ಪದರ, ಅದರ ಮೇಲೆ ಮರಳಿನ ಪದರ, ಮತ್ತೆ ಕಪ್ಪು. ಒಂದೊಂದು ಬೆರಳಗಲಕ್ಕೂ ಒಂದೊಂದು ಮಾರ್ಚ್ ತಿಂಗಳು, ಒಂದೊಂದು ಮಾರ್ಚಿಗೂ ಬೆನ್ನು ಬಾಗಿಸಿದ ಅಷ್ಟು ಜನ. ಅವರಲ್ಲಿ ಒಬ್ಬನ ಹೆಸರೂ ಅವಳ ಪಠ್ಯದಲ್ಲಿಲ್ಲ. ಅವಳ ಅಪ್ಪ ಎಸೆದದ್ದೂ ಇಲ್ಲೇ ಎಲ್ಲೋ ಇದೆ. ಚರಿತ್ರೆಯ ಟೀಚರ್ ಎಂದು ಹತ್ತೊಂಬತ್ತು ವರ್ಷ ಸಂಬಳ ತೆಗೆದುಕೊಂಡವಳು ಈ ಗೋಡೆಯ ನೆತ್ತಿಯ ಮೇಲೆ ಕಾರು ಓಡಿಸಿಕೊಂಡು ಹೋಗಿದ್ದಳು.

"ನೋಡ್ತಾ ನಿಂತ್ರೆ ಹೂಳು ತಾನೇ ಎದ್ದು ಹೋಗಲ್ಲ ಮಗಳೇ," ಎಂದ ಪೊರ್ಫಿರಿಯೊ, ಕೋಲು ಇಟ್ಟು ಶಾಲೆಗೆ ಆರು ಗೆರೆ ಎಳೆಯುತ್ತ.

ಕೆಲಸದ ರೀತಿ ಇಷ್ಟು: ಸಾಲಿನಲ್ಲಿ ಎಲ್ಲರೂ ತಮ್ಮ ಗೆರೆಯೊಳಗಿನ ಹೂಳು ತೆಗೆದ ಮೇಲೆ ನೀರುಗಂಟಿ "ವುಯೆಲ್ತಾ!" ಎಂದು ಕೂಗುತ್ತಾನೆ, ಆಗ ಇಡೀ ಸಾಲು ಮುಂದಿನ ಜಾಗಕ್ಕೆ ಸರಿಯುತ್ತದೆ. ಒಬ್ಬ ಹಿಂದುಳಿದರೂ ಸಾಲೆಲ್ಲ ಕಾಯಬೇಕು. ಮೊದಲ ಸಲ ಮೂವತ್ತು ಗಂಡಸರು ಸಲಿಕೆಯ ಹಿಡಿಗೆ ಗಲ್ಲ ಊರಿ ಮಕ್ಕಳಿಗಾಗಿ ಕಾದರು.

"ಟೀಚರ್, ಊಟದ ಗಂಟೆ ಹೊಡೀಲಾ?"

"ಪರೀಕ್ಷೆ ಮುಂದೂಡಿ ಟೀಚರ್!"

ಎರಡನೇ ಸಲವೂ ಕಾದರು. ಮಕ್ಕಳು ತಾವೇ ಒಂದು ಏರ್ಪಾಡು ಮಾಡಿಕೊಂಡರು: ಐವರು ಅಗೆಯುವುದು, ಐವರು ಗೋಣಿಯಲ್ಲಿ ಎಳೆಯುವುದು, ನಾಲ್ವರು ದಂಡೆಯ ಮೇಲಿಂದ ಮೇಲಕ್ಕೆತ್ತುವುದು, ದಣಿದವರು ಜಾಗ ಬದಲಿಸುವುದು. ಯಾರು ದಣಿದರು ಎಂಬುದನ್ನು ದಣಿದವರೇ ಹೇಳಬೇಕು, ಇನ್ನೊಬ್ಬರು ಹೇಳುವಂತಿಲ್ಲ. ಈ ಕಾನೂನು ದೆಲ್ಫಿನಾಳದು. ಐದನೇ ಸಲಕ್ಕೆ ಸಾಲು ಕಾಯಲಿಲ್ಲ. ಮಧ್ಯಾಹ್ನ ಕೆಂಪು ಮೆಣಸಿನಕಾಯಿಯ ಮಾಂಸದ ಸಾರು, ಬೀನ್ಸ್ ಕಾಳು, ತೋರ್ತೀಯಾ ರೊಟ್ಟಿ ತಿಂದು ಮತ್ತೆ ಇಳಿದರು.

ನಾಲ್ಕು ಗಂಟೆಗೆ ಶಾಲೆಯ ಕೊನೆಯ ಗೆರೆಯಲ್ಲಿ ವಿಲೋ ಮರದ ಬೇರು ಸಿಕ್ಕಿತು, ತೊಡೆಯಷ್ಟು ದಪ್ಪ. ಎಲೊಯ್ಸಾಳ ಅಂಗೈ ಬೊಬ್ಬೆ ಒಡೆದಿತ್ತು. ಒಬ್ಬ ತಂದೆ ಕೊಡಲಿ ಹಿಡಿದು ಜಿಗಿಯಲು ಬಂದ. ತಡೆದವನು ನೆಸ್ತೋರ್.

"ಬಿಡು, ಅವರ ಪಾಲು ಅವರೇ ಮುಗಿಸ್ಲಿ. ನೀನು ಮುಟ್ಟಿದ್ರೆ ಷರತ್ತು ಮುರೀತದೆ. ನಾವು ಕಾಯ್ತೀವಿ."

ಕಾದರು. ಈ ಸಲ ಯಾರೂ ಕುಚೋದ್ಯ ಮಾಡಲಿಲ್ಲ. ಇಪ್ಪತ್ತು ನಿಮಿಷ ಹದಿನಾಲ್ಕು ಮಕ್ಕಳು ಮತ್ತು ಒಬ್ಬ ಹೆಂಗಸು ಗರಗಸ ಕೈಯಿಂದ ಕೈಗೆ ಬದಲಿಸುತ್ತ ಬೇರು ಕೊಯ್ದರು. ಅದು ಕಳಚಿ ಬಿದ್ದಾಗ ಪೊರ್ಫಿರಿಯೊ ಕೋಲು ಇಟ್ಟು ಅಳೆದ. ಒಂದು ಬೆರಳೂ ರಿಯಾಯಿತಿ ತೋರಿಸಲಿಲ್ಲ.

"ಆರು ಪೂರ್ತಿ," ಎಂದ. ಆಮೇಲೆ ಕಾಲುವೆಯೆಲ್ಲ ಮೊಳಗುವಂತೆ ಕೂಗಿದ: "ವುಯೆಲ್ತಾ!"

ಅದಾದ ಒಂಬತ್ತನೇ ದಿನ, ಸೋಮವಾರ, ಬೆಳಗಿನ ಪಾಠದ ಹೊತ್ತಿಗೆ, ಮೇಲೆ ತೂಬು ಎತ್ತಿದರು. ಸಲಿಕೆಗೆ ಕಚೇರಿಯ ಅಡ್ಡಿಯಿತ್ತೇ ಹೊರತು ನೋಡುವುದಕ್ಕಿರಲಿಲ್ಲ. ಎಲೊಯ್ಸಾ ಮಕ್ಕಳನ್ನು ದಂಡೆಗೆ ಕರೆತಂದಳು. ನೀರು ಭೋರ್ಗರೆದು ಬರುತ್ತದೆಂದು ಅವರು ಅಂದುಕೊಂಡಿದ್ದರು. ಅದು ನಡೆದು ಬಂತು. ಅಂಬೆಗಾಲಿಡುವ ಮಗುವಿನ ವೇಗದಲ್ಲಿ, ಕಂದು ನಾಲಗೆ ಚಾಚಿ, ಒಣ ಎಲೆ, ನೊರೆ, ಕಡ್ಡಿ, ಒಂದು ಮುರಿದ ಗೊಂಬೆಯನ್ನು ಮುಂದೆ ತಳ್ಳಿಕೊಂಡು, ಒಂದೊಂದು ಬಿರುಕಿನ ಮುಂದೆ ನಿಂತು ಅದನ್ನು ತುಂಬಿ, ಮತ್ತೆ ಹೆಜ್ಜೆ ಇಟ್ಟಿತು. ಮಕ್ಕಳು ಅದರ ಮುಂದೆ ಮುಂದೆ ಹಿಮ್ಮುಖವಾಗಿ ನಡೆದರು. ತಾವು ಬೇರು ಕೊಯ್ದ ಜಾಗ ಬಂದಾಗ ನಿಂತರು. ನೀರು ಅಲ್ಲಿ ತಡೆಯದೆ ದಾಟಿ ಹೋಯಿತು.

ಆಮಾದೊ ಪಿಸುಗುಟ್ಟಿದ: "ಮಿಸ್, ನಾವು ಮಾಡಿರೋ ಕಡೆ ಹೋಗ್ತಾ ಇದೆ."

ಎಲೊಯ್ಸಾ ತಲೆಯಾಡಿಸಿದಳು.

ಈಗ ಪಾಠ ಹೇಳುವ ನಿಮ್ಮ ವಿಷಯಕ್ಕೆ ಬರೋಣ. ನಿಮ್ಮೂರಿನ ಮಕ್ಕಳಿಗೆ ಗ್ರಾಮಸಭೆ ಎಂದರೇನು ಎಂದು ನಾಲ್ಕು ಸಾಲು ಬರೆಸಿ ಅಂಕ ಕೊಟ್ಟಿದ್ದೀರಿ. ಅವರಲ್ಲಿ ಒಂದು ಮಗುವನ್ನಾದರೂ ಆ ಸಭೆಗೆ ಕರೆದೊಯ್ದು, ಎದ್ದು ನಿಂತು ಅಧ್ಯಕ್ಷರ ಬಾಯಿ ಮುಚ್ಚಿಸುವ ಪ್ರಶ್ನೆ ಕೇಳಲು ಬಿಟ್ಟಿದ್ದೀರಾ? ಇಲ್ಲವಾದರೆ ಮುಂದಿನ ಸಭೆ ಯಾವತ್ತು ಎಂದು ಇಂದೇ ಹೋಗಿ ಕೇಳಿ. ಆ ದಿನ ಪಾಠ ನಿಲ್ಲಿಸಿ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ತಾರೀಕು ನನಗೆ ಹೇಳಿ.