ತಂಡ ಕಾದು ನಿಂತ ಗಿಟಾರಕ್ಕ

ಬೆಳಕು ಹರಿಯುವ ಹೊತ್ತಿಗೆ ಗ್ಯಾರೇಜಿನ ಶಟರ್ ಅರ್ಧ ಮೇಲೇಳುತ್ತದೆ. ಬಗ್ಗಿ ಒಳಬರುವ ಹೆಂಗಸಿನ ಬೆನ್ನಿಗೆ ಗಿಟಾರ್, ಕೈಯಲ್ಲಿ ಊಟದ ಡಬ್ಬಿ. ಬಿಚ್ಚಿಟ್ಟ ಎಂಜಿನ್ನೊಂದನ್ನು ಸುತ್ತುಹಾಕಿ ಮೂಲೆಗೆ ಹೋಗಿ ವೈರು ಸಿಕ್ಕಿಸಿ, ಎಡಗೈ ಬೆರಳುಗಳನ್ನು ಮೆಲ್ಲಗೆ ಮಡಚಿ ನೋಡುತ್ತಾರೆ. ಕೊನೆಯ ಎರಡು ಬೆರಳು ಮಡಚುವುದಿಲ್ಲ. ಅವನ್ನು ಹಾಗೇ ಬಿಟ್ಟು ಡ್ರಮ್ಮಿನ ಮುಂದೆ ಕೂತವರತ್ತ ತಲೆಯಾಡಿಸುತ್ತಾರೆ. ಮರುಕ್ಷಣ ಗೋಡೆಗೆ ನೇತುಹಾಕಿದ ಸ್ಪ್ಯಾನರುಗಳೆಲ್ಲ ಗಲಗಲ ನಡುಗತೊಡಗುತ್ತವೆ.

ತಂಡದವರಿಗೂ ಕೇಳುವವರಿಗೂ ಇವರು ಗಿಟಾರಕ್ಕ. ವಯಸ್ಸು ಐವತ್ತು ದಾಟಿದೆ. ಮೂವತ್ತು ವರ್ಷಗಳಿಂದ ಒಂದೇ ಪಂಕ್ ರಾಕ್ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದಾರೆ. ಪಂಕ್ ಎಂದರೆ ನಾಜೂಕಿಲ್ಲದ, ಓಡುವ, ಕೂಗಿ ಹೇಳುವ ಸಂಗೀತ. ಕಿವಿಗೊಡುವಷ್ಟರಲ್ಲಿ ಹಾಡು ಮುಗಿದಿರುತ್ತದೆ. ಹಾಡುವವರು ಶಾಲೆಯ ಬಸ್ ಓಡಿಸುತ್ತಾರೆ. ಡ್ರಮ್ ಬಾರಿಸುವವರು ಈ ಗ್ಯಾರೇಜಿನ ಮೆಕ್ಯಾನಿಕ್. ಬೇಸ್ ಗಿಟಾರ್ ನುಡಿಸುವ ಬಡಗಿ ಅಕ್ಕನ ಯಜಮಾನರೇ. ಎಲ್ಲರಿಗೂ ಹಗಲು ದುಡಿಮೆ ಇರುವುದರಿಂದ ತಾಲೀಮು ಬೆಳಗಿನ ಜಾವಕ್ಕೇ ಆಗಬೇಕು.

“ಮದುವೆ ಆದ ಹೊಸದರಲ್ಲಿ ನಮ್ಮತ್ತೆ ಕೇಳಿದ್ರು, ‘ಇದೇನಮ್ಮಾ, ಅಟ್ಟದಿಂದ ಪಾತ್ರೆ ಬಿದ್ದ ಹಾಗಿದೆ?’ ಅಂತ. ‘ಹೂಂ ಅತ್ತೆ, ಇನ್ನೂ ಸ್ವಲ್ಪ ಬೀಳೋದಿದೆ’ ಅಂದೆ,” ಎಂದು ಅಕ್ಕ ನಗುತ್ತಾರೆ.

ಹೆಸರು ಮಾಡುವ ಅವಕಾಶ ತಂಡಕ್ಕೆ ಬರಲಿಲ್ಲ. ಕಾರ್ಮಿಕರ ಸಭಾಂಗಣ, ಕಾಲೇಜಿನ ಹಿಂದಿನ ಅಂಗಳ, ಮುಚ್ಚಿದ ಗೋದಾಮು, ಹೀಗೆ ಕರೆದಲ್ಲಿಗೆ ಹೋದರು. ಮಳೆಯಲ್ಲಿ ಕೆಟ್ಟು ನಿಂತ ವ್ಯಾನನ್ನು ತಳ್ಳಿಕೊಂಡೇ ತಲುಪಿದ್ದೂ ಉಂಟು.

ಆರು ವರ್ಷದ ಹಿಂದೆ ನಿಜವಾದ ಪೆಟ್ಟು ಬಿತ್ತು. ಅಕ್ಕ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಾರೆ. ಬಿಸಿ ಉರುಳೆಗಳ ಇಸ್ತ್ರಿ ಯಂತ್ರಕ್ಕೆ ಹಾಸಿಗೆ ಬಟ್ಟೆ ಕೊಡುವಾಗ ಎಡಗೈ ಸಿಕ್ಕಿಕೊಂಡಿತು. ವೈದ್ಯರು ಬೆರಳು ಉಳಿಸಿದರು, ಆದರೆ ಎರಡು ಬೆರಳು ಸೆಟೆದೇ ಹೋದವು.

“ಬ್ಯಾಂಡೇಜ್ ಬಿಚ್ಚಿದ ದಿನ ಇವರನ್ನೆಲ್ಲ ಮನೆಗೆ ಕರೆದೆ. ನನ್ನ ಕತೆ ಮುಗೀತು, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂದೆ. ಗಿಟಾರೂ ಎತ್ತಿ ಕೊಟ್ಟೆ.”

ಮೆಕ್ಯಾನಿಕ್ ಗಿಟಾರನ್ನು ತಿರುಗಿ ಮಂಚದ ಮೇಲಿಟ್ಟರಂತೆ. “ಬೇರೆಯವರನ್ನ ಹುಡುಕೋಕೆ ನಮಗೆಲ್ಲಿ ಪುರುಸೊತ್ತು ಅಕ್ಕಾ? ನೀವು ಆರಾಮಾಗಿ ಬನ್ನಿ,” ಎಂದರಂತೆ.

ಹಾಗಂದವರು ಹಾಗೇ ನಡೆದುಕೊಂಡರು. ಒಂದು ವರ್ಷಕ್ಕೂ ಹೆಚ್ಚು ಕಾಲ ಮೂವರೇ ನುಡಿಸಿದರು. ವೇದಿಕೆಯಲ್ಲಿ ಅಕ್ಕ ನಿಲ್ಲುತ್ತಿದ್ದ ಎಡಭಾಗ ಖಾಲಿ ಇರುತ್ತಿತ್ತು. ಯಾರಾದರೂ ಕೇಳಿದರೆ ಹಾಡುಗಾರರದು ಒಂದೇ ಉತ್ತರ: “ಗಿಟಾರಕ್ಕ ರಜೆಯಲ್ಲಿದ್ದಾರೆ.”

ಮನೆಯಲ್ಲಿ ಅತ್ತೆ ಟೊಂಕ ಕಟ್ಟಿ ನಿಂತರು. ಅಡುಗೆಮನೆಯ ಹಿಟ್ಟು ಕಲಸುವ ಕೆಲಸವನ್ನೆಲ್ಲ ಸೊಸೆಗೆ ವಹಿಸಿದರು, ಎಡಗೈಯಲ್ಲೇ ನಾದಬೇಕೆಂಬ ಕರಾರಿನೊಂದಿಗೆ. “ನೋವಿಗೆ ಕಣ್ಣಲ್ಲಿ ನೀರು ಬರ್ತಿತ್ತು. ‘ಹಿಟ್ಟು ಇನ್ನೂ ಗಟ್ಟಿ ಇದೆ, ನಾದು’ ಅನ್ನೋರು ಅತ್ತೆ. ಹೊರಗೆ ಹೋಗಿ ತಾವೂ ಅಳೋರು. ಅದು ನನಗೆ ಗೊತ್ತಾಗಿದ್ದು ಎಷ್ಟೋ ದಿನ ಆದ್ಮೇಲೆ.”

ಉಳಿದ ಬೆರಳುಗಳಿಗೆ ಬಲ ಬಂದಾಗ ಮೆಕ್ಯಾನಿಕ್‌ಗೆ ಉಪಾಯ ಹೊಳೆಯಿತು. ತಂತಿಗಳ ಶ್ರುತಿಯನ್ನು ಬದಲಿಸಿ, ಒಂದೇ ಬೆರಳನ್ನು ಅಡ್ಡಲಾಗಿ ಒತ್ತಿದರೂ ಸ್ವರಗಳು ಕೂಡಿ ಬರುವಂತೆ ಮಾಡಿದರು. ಶ್ರುತಿ ತಗ್ಗಿತು. ಹಾಡುಗಾರರು ಅಷ್ಟೂ ಹಾಡುಗಳನ್ನು ಹೊಸದಾಗಿ ಕಲಿಯಬೇಕಾಯಿತು. “ವಯಸ್ಸಾಗಿ ನನ್ನ ದನಿಯೂ ಇಳಿದಿತ್ತು, ಹೇಳ್ಕೊಳ್ಳೋಕೆ ನಾಚಿಕೆ. ಅಕ್ಕನ ನೆಪದಲ್ಲಿ ನಾನೂ ಬಚಾವಾದೆ,” ಎನ್ನುತ್ತಾರೆ ಅವರು.

ಅಕ್ಕ ಮರಳಿ ನುಡಿಸಿದ ಸಂಜೆ ಅತ್ತೆ ಮೊದಲ ಸಲ ಕಾರ್ಯಕ್ರಮಕ್ಕೆ ಬಂದರು. ಕಿವಿಗೆ ಹತ್ತಿ ತುರುಕಿಕೊಂಡು ಮುಂದಿನ ಸಾಲಿನಲ್ಲೇ ಕೂತರು. ಹೇಗಿತ್ತು ಎಂದು ಸೊಸೆ ಕೇಳಿದಾಗ ಹೇಳಿದರಂತೆ: “ಹಾಡು ನನಗೇನು ತಿಳಿಯುತ್ತೆ? ನಿನ್ನ ಕೈ ನೋಡ್ತಾ ಇದ್ದೆ.”

ಆ ಮಾತು ಹೇಳುವಾಗ ಅಕ್ಕ ಗಿಟಾರ್ ಒರೆಸುವ ನೆಪದಲ್ಲಿ ಮುಖ ತಿರುಗಿಸುತ್ತಾರೆ.

ತಾಲೀಮು ಮುಗಿದಿದೆ. ಬಸ್ಸಿನವರು ಆಗಲೇ ಹೊರಟಾಯಿತು. ಆಸ್ಪತ್ರೆಯಲ್ಲಿ ಅಕ್ಕನಿಗೆ ಈಗ ಯಂತ್ರದ ಕೆಲಸವಿಲ್ಲ, ಒಣಗಿದ ಬಟ್ಟೆ ಮಡಚುವ ಕೆಲಸಕ್ಕೆ ಹಾಕಿದ್ದಾರೆ. ಹೊರಡುವ ಗಡಿಬಿಡಿಯಲ್ಲೇ ಕೇಳುತ್ತೇನೆ: ಒಮ್ಮೆಯಾದರೂ ಮುಂದೆ ಬಂದು, ಎಲ್ಲರ ಕಣ್ಣು ತಮ್ಮ ಮೇಲಿರುವಂತೆ ಒಬ್ಬರೇ ನುಡಿಸಬೇಕು ಅನ್ನಿಸಿಲ್ಲವೇ?

ಅವರು ಗಿಟಾರನ್ನು ಬೆನ್ನಿಗೇರಿಸಿಕೊಳ್ಳುತ್ತಾರೆ.

“ಇಲ್ಲಪ್ಪ. ಹಾಡೋರು ಹಾಡ್ತಾ ಹಾಡ್ತಾ ಕಣ್ಣು ಮುಚ್ಚಿಬಿಡ್ತಾರೆ, ನೋಡಿದ್ದೀರಲ್ಲ? ಹಿಂದೆ ನಾನಿದ್ದೀನಿ ಅನ್ನೋ ಧೈರ್ಯ ಅದು. ಎಲ್ಲಿ ತಪ್ಪಿತು ಅಂತ ಅವರು ತಿರುಗಿ ನೋಡೋ ಹಾಗೆ ನಾನು ಯಾವತ್ತೂ ಮಾಡಿಲ್ಲ.”